ಆಲಿವ್ ತೋಪಿನ ಸರಳ ಬದುಕು: ಮೆಡಿಟರೇನಿಯನ್ ನಾಡಿನ ಪರ್ಮಾಕಲ್ಚರ್

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಒಂದೆರಡು ಹೆಕ್ಟೇರ್ ಆಲಿವ್ ತೋಪನ್ನು ನೆಚ್ಚಿ ಬದುಕುವ ಕ್ರಮ ಬಹಳ ಹಳೆಯದು. ಮನೆಗೆ ಬೇಕಾದ ಎಣ್ಣೆ, ಕಾಳು, ತರಕಾರಿ, ಹಣ್ಣು, ಸೌದೆ ಎಲ್ಲವೂ ಆದಷ್ಟು ಅದೇ ನೆಲದಲ್ಲಿ ಹುಟ್ಟಬೇಕು, ಅಂಗಡಿಯಿಂದ ತರುವುದು ಕಡಿಮೆಯಾಗಬೇಕು ಎಂಬುದು ಅದರ ಲೆಕ್ಕಾಚಾರ. ಕಳೆದ ಕೆಲವು ದಶಕಗಳಿಂದ ಈ ಹಳೆಯ ಕ್ರಮಕ್ಕೆ ಪರ್ಮಾಕಲ್ಚರ್ ಎಂಬ ಕೃಷಿ ವಿನ್ಯಾಸ ಪದ್ಧತಿ ಬಂದು ಸೇರಿಕೊಂಡಿದೆ. ಪೋರ್ಚುಗಲ್‌ನ ನಡುನಾಡಿನ ಗುಡ್ಡಗಳು, ಸ್ಪೇನ್‌ನ ಅಲ್ಪುಹಾರ ಕಣಿವೆಗಳು, ಇಟಲಿಯ ಪುಲಿಯಾ, ಗ್ರೀಸ್‌ನ ಕ್ರೀಟ್ ದ್ವೀಪ, ಪ್ಯಾಲೆಸ್ಟೀನ್‌ನ ಪಶ್ಚಿಮ ದಂಡೆ, ಹೀಗೆ ಒಂದಕ್ಕೊಂದು ಹೋಲದ ಊರುಗಳಲ್ಲಿ ಈ ಬಗೆಯ ಸಣ್ಣ ತೋಪುಗಳು ಸಿಗುತ್ತವೆ.

ಈ ನಾಡುಗಳ ಬೇಸಾಯ ಅರ್ಥವಾಗಬೇಕಾದರೆ ಮೊದಲು ಅಲ್ಲಿನ ಮಳೆ ಅರ್ಥವಾಗಬೇಕು. ಕರ್ನಾಟಕದಲ್ಲಿ ಬಿಸಿಲಿನ ಕಾವು ಇಳಿಯುವ ಮೊದಲೇ ಮುಂಗಾರು ಬರುತ್ತದೆ. ಬೆಚ್ಚನೆಯ ನೆಲ ಮತ್ತು ನೀರು ಒಟ್ಟಿಗೆ ಸಿಗುವುದರಿಂದ ಬಿತ್ತಿದ್ದು ಭರದಿಂದ ಏಳುತ್ತದೆ. ಮೆಡಿಟರೇನಿಯನ್ ತೀರದಲ್ಲಿ ಇದು ತಿರುವುಮುರುವು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಚಳಿಯಲ್ಲಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಿಡಕ್ಕೆ ನೀರು ಅತ್ಯಂತ ಅಗತ್ಯವಿರುವ ತಿಂಗಳುಗಳಲ್ಲಿ, ಆಕಾಶ ಬರಿದು. ಬಹುಪಾಲು ಆಲಿವ್ ಪ್ರದೇಶಗಳಲ್ಲಿ ವರ್ಷಕ್ಕೆ 400ರಿಂದ 700 ಮಿ.ಮೀ. ಮಳೆ ಬೀಳುತ್ತದೆ. ಚಳಿಗಾಲದ ಆ ನೀರನ್ನು ಬೇಸಿಗೆಯವರೆಗೆ ಕಾಪಾಡಿಕೊಳ್ಳುವುದೇ ಇಲ್ಲಿನ ರೈತರ ತಲೆತಲಾಂತರದ ಕೆಲಸ. ಗೋಡೆ, ಕಾಲುವೆ, ತೊಟ್ಟಿ, ಮರದ ಆಯ್ಕೆ ಎಲ್ಲವೂ ಅದಕ್ಕಾಗಿಯೇ ರೂಪುಗೊಂಡಿವೆ.

ಆಲಿವ್ ಮರವೂ ಅಂಥದೇ ಒಂದು ಆಯ್ಕೆ. ಸಸ್ಯಶಾಸ್ತ್ರದಲ್ಲಿ ಒಲಿಯಾ ಯೂರೋಪಿಯಾ ಎಂದು ಕರೆಸಿಕೊಳ್ಳುವ ಈ ಮರ ನಮ್ಮ ಮಲ್ಲಿಗೆ ಮತ್ತು ಪಾರಿಜಾತಗಳ ಕುಟುಂಬಕ್ಕೆ ಸೇರಿದ್ದು. ಸಣ್ಣ, ದಪ್ಪ ಎಲೆಗಳ ತಳಭಾಗದಲ್ಲಿ ಬೆಳ್ಳಿಬಣ್ಣದ ನುಣ್ಣನೆಯ ಹೊದಿಕೆ ಇದ್ದು, ನೀರು ಆವಿಯಾಗುವುದನ್ನು ಅದು ತಡೆಯುತ್ತದೆ. ಬೇರು ಆಳಕ್ಕಿಂತ ಅಗಲಕ್ಕೆ ಹಬ್ಬಿ, ಬಿದ್ದ ಅಲ್ಪ ಮಳೆಯನ್ನೂ ಹೀರಿಕೊಳ್ಳುತ್ತದೆ. ಬುಡ ಸುಟ್ಟರೂ ಕಡಿದರೂ ಮತ್ತೆ ಚಿಗುರುವ ಶಕ್ತಿ ಇದಕ್ಕಿದೆ. ಪೂರ್ವ ಮೆಡಿಟರೇನಿಯನ್ ಭಾಗದಲ್ಲಿ ಸುಮಾರು 6000 ವರ್ಷಗಳ ಹಿಂದೆಯೇ ಇದನ್ನು ಒಕ್ಕಲು ಬೆಳೆಯಾಗಿ ಪಳಗಿಸಿದರು. ಕ್ರೀಟ್ ದ್ವೀಪದ ವೂವೆಸ್ ಗ್ರಾಮದಲ್ಲಿ ಕನಿಷ್ಠ 2000 ವರ್ಷ ಹಳೆಯದೆಂದು ಅಂದಾಜಿಸಲಾದ ಒಂದು ಮರ ಇಂದಿಗೂ ಕಾಯಿ ಬಿಡುತ್ತಿದೆ. ಮೇ ತಿಂಗಳ ಹೊತ್ತಿಗೆ ಹೂವು, ಗಾಳಿಯಿಂದ ಪರಾಗಸ್ಪರ್ಶ, ಅಕ್ಟೋಬರ್‌ನಿಂದ ಕೊಯ್ಲು. ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಇಳುವರಿ ತೀರ ಕುಸಿಯುವುದು ಇದರ ಸ್ವಭಾವ. ಸಣ್ಣ ರೈತನ ಮನೆಯ ಆಯವ್ಯಯ ಏರಿಳಿಯುವುದಕ್ಕೆ ಮೊದಲ ಕಾರಣ ಇದು.

ಪರ್ಮಾಕಲ್ಚರ್ ಹುಟ್ಟಿದ್ದು ಈ ತೀರದಿಂದ ಬಹು ದೂರದ ಟ್ಯಾಸ್ಮೇನಿಯಾದಲ್ಲಿ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ 'ಪರ್ಮಾಕಲ್ಚರ್ ಒನ್' ಎಂಬ ಪುಸ್ತಕ ಪ್ರಕಟಿಸಿ ಈ ಹೆಸರನ್ನು ಚಾಲ್ತಿಗೆ ತಂದರು. ನೆಲದ ಆರೈಕೆ, ಜನರ ಆರೈಕೆ, ಮಿಕ್ಕಿದ್ದನ್ನು ಹಂಚಿಕೊಳ್ಳುವುದು, ಇವು ಮೂರು ಅದರ ನೀತಿಗಳು. ದಿನಕ್ಕೆ ಹಲವು ಸಲ ಹೋಗಬೇಕಾದ ಸೊಪ್ಪಿನ ಮಡಿ ಅಡುಗೆಮನೆಯ ಬಾಗಿಲಲ್ಲಿ ಇರಬೇಕು, ವರ್ಷಕ್ಕೆ ಕೆಲವೇ ಸಲ ಕೈಯಿಡುವ ಮರಗಳು ದೂರದಲ್ಲಿರಬೇಕು, ಕೊನೆಯ ಅಂಚನ್ನು ಕಾಡಿಗೇ ಬಿಡಬೇಕು ಎಂಬ ವಲಯಗಳ ಕಲ್ಪನೆಯೂ ಅಲ್ಲಿಂದಲೇ ಬಂತು. ಆದರೆ ಈ ಚಿಂತನೆಯ ಬೇರನ್ನು ಹುಡುಕುತ್ತ ಹೋದರೆ ಮತ್ತೆ ಮೆಡಿಟರೇನಿಯನ್ ಗುಡ್ಡಗಳಿಗೇ ಬರಬೇಕಾಗುತ್ತದೆ. ಮಾಲಿಸನ್ ಮತ್ತು ಹೋಮ್‌ಗ್ರೆನ್ ಅವರ ಮೇಲೆ ಗಾಢ ಪ್ರಭಾವ ಬೀರಿದ ಕೃತಿಗಳಲ್ಲಿ ಅಮೆರಿಕದ ಭೂಗೋಳ ವಿದ್ವಾಂಸ ಜೆ. ರಸೆಲ್ ಸ್ಮಿತ್ 1929ರಲ್ಲಿ ಬರೆದ 'ಟ್ರೀ ಕ್ರಾಪ್ಸ್' ಒಂದು. ಇಳಿಜಾರನ್ನು ಉತ್ತು ಮಣ್ಣು ಕಳೆದುಕೊಳ್ಳುವ ಬದಲು ಅಲ್ಲಿ ಮರದ ಬೆಳೆ ಬೆಳೆಯಬೇಕೆಂದು ವಾದಿಸಿದ ಸ್ಮಿತ್, ಕಾರ್ಸಿಕಾದ ಚೆಸ್ಟ್‌ನಟ್ ತೋಪುಗಳನ್ನು, ಐಬೀರಿಯಾದ ಓಕ್ ಮರಗಳನ್ನು ಕಣ್ಣಾರೆ ಕಂಡು ಆ ಮಾತು ಆಡಿದವರು. ಹಾಗಾಗಿ ಇಂದು ಪೋರ್ಚುಗಲ್‌ನಲ್ಲಿ ತರಬೇತಿ ಪಡೆದು ತೋಪು ಕಟ್ಟುವವರು ಹೊಸದೆಂದು ಕಲಿಯುವ ಹಲವು ಪಾಠಗಳು ಪಕ್ಕದ ಮನೆಯ ಮುದುಕರಿಗೆ ಮೊದಲೇ ಗೊತ್ತಿದ್ದವು.

ಆ ಹಳೆಯ ತಿಳಿವಳಿಕೆಯ ಅತ್ಯಂತ ದಿಟ್ಟ ಉದಾಹರಣೆ ದಕ್ಷಿಣ ಟ್ಯುನೀಶಿಯಾದ ಮತ್ಮಾತ ಬೆಟ್ಟಗಳಲ್ಲಿದೆ. ವರ್ಷಕ್ಕೆ 200 ಮಿ.ಮೀ. ಮಳೆಯೂ ಖಾತ್ರಿಯಿಲ್ಲದ ಆ ನಾಡಿನಲ್ಲಿ ರೈತರು ಹಳ್ಳದ ಹರಿವಿಗೆ ಅಡ್ಡಲಾಗಿ ಮಣ್ಣು ಮತ್ತು ಕಲ್ಲಿನ ಒಡ್ಡು ಹಾಕುತ್ತಾರೆ. ಇವಕ್ಕೆ ಜೆಸ್ಸೂರ್ ಎಂದು ಹೆಸರು. ಅಪರೂಪಕ್ಕೆ ಸುರಿಯುವ ಜಡಿಮಳೆಯಲ್ಲಿ ಬೆಟ್ಟದಿಂದ ಇಳಿದ ನೀರು ಒಡ್ಡಿನ ಹಿಂದೆ ನಿಂತು ಇಂಗುತ್ತದೆ, ಹೊತ್ತು ತಂದ ಹೂಳು ಅಲ್ಲೇ ಉಳಿಯುತ್ತದೆ, ಹೆಚ್ಚಾದ ನೀರು ಕೋಡಿ ಬಿದ್ದು ಕೆಳಗಿನ ಒಡ್ಡಿಗೆ ಹೋಗುತ್ತದೆ. ಹೂಳು ತುಂಬಿ ದಪ್ಪಗಾದ ಆ ತುಂಡು ನೆಲದಲ್ಲಿ ಆಲಿವ್, ಅಂಜೂರ, ಖರ್ಜೂರ ಬೆಳೆಯುತ್ತವೆ, ಮರಗಳ ನಡುವೆ ಬಾರ್ಲಿ, ಕಾಳು ಬೆಳೆಯುತ್ತವೆ. ಅದೇ ದೇಶದ ಸೂಸ್ ಪ್ರಾಂತದಲ್ಲಿ ಇನ್ನೊಂದು ಕ್ರಮವಿದೆ. ಅಲ್ಲಿ ಇಳಿಜಾರಿನ ಮೇಲ್ಭಾಗವನ್ನು ಬೇಕೆಂದೇ ಖಾಲಿ ಬಿಟ್ಟು, ಅಲ್ಲಿ ಬಿದ್ದ ಮಳೆಯನ್ನೂ ಕೆಳಗಿನ ತೋಪಿಗೆ ಹಾಯಿಸುತ್ತಾರೆ.

ಪ್ಯಾಲೆಸ್ಟೀನ್‌ನ ಬತ್ತೀರ್ ಗ್ರಾಮದಲ್ಲಿ ಗುಡ್ಡದ ಊಟೆಯ ನೀರನ್ನು ಕಾಲುವೆಗಳ ಮೂಲಕ ಮೆಟ್ಟಿಲು ಜಮೀನುಗಳಿಗೆ ಹಂಚುತ್ತಾರೆ. ಊರಿನ ಎಂಟು ಮನೆತನಗಳಿಗೆ ದಿನಕ್ಕೊಬ್ಬರಂತೆ ನೀರಿನ ಸರದಿ ಬರುವುದರಿಂದ ಬತ್ತೀರ್‌ನಲ್ಲಿ ವಾರಕ್ಕೆ ಎಂಟು ದಿನ ಎಂಬ ಮಾತೇ ಇದೆ. ಯುನೆಸ್ಕೊ 2014ರಲ್ಲಿ ಈ ನೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪೇನ್‌ನ ಮಯೋರ್ಕ ದ್ವೀಪದ ತ್ರಮುಂತಾನಾ ಬೆಟ್ಟಸಾಲಿಗೆ ಇದೇ ಗೌರವ 2011ರಲ್ಲಿ ಸಿಕ್ಕಿತ್ತು. ಅಲ್ಲಿ ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು ಬೆಟ್ಟವನ್ನು ಮೆಟ್ಟಿಲುಗಳಾಗಿ ಕಡಿದಿವೆ. ಗಾರೆ ಇಲ್ಲದಿರುವುದರಲ್ಲೇ ಈ ಗೋಡೆಯ ಜಾಣತನವಿದೆ. ಹಿಂದೆ ನಿಂತ ಮಳೆನೀರು ಸಂದುಗಳಿಂದ ಜಿನುಗಿ ಹೊರಬರುತ್ತದೆ, ಒತ್ತಡ ಕಟ್ಟಿಕೊಂಡು ಗೋಡೆ ಒಡೆಯುವುದಿಲ್ಲ. ಹಲ್ಲಿ, ಹಾವುರಾಣಿ, ಜೇಡ, ಒಂಟಿ ಜೇನುಗಳಿಗೆ ಆ ಸಂದುಗಳೇ ಮನೆ. ತೋಪಿನ ಕೀಟಗಳನ್ನು ಹತೋಟಿಯಲ್ಲಿಡುವ ಕೆಲಸವನ್ನು ಇವುಗಳಲ್ಲಿ ಹಲವು ಪುಕ್ಕಟೆಯಾಗಿ ಮಾಡುತ್ತವೆ. ಎಂಟು ಯೂರೋಪಿಯನ್ ದೇಶಗಳು ಸೇರಿ ಮುಂದಿಟ್ಟ ಈ ಗೋಡೆ ಕಟ್ಟುವ ಕಲೆ 2018ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಹೊಸದಾಗಿ ತೋಪು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಬಿದ್ದ ಗೋಡೆ ಎತ್ತುವುದರಿಂದಲೇ ಶುರುಮಾಡುತ್ತಾರೆ. ನಂತರದ್ದು ಚಾವಣಿ ನೀರು. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್ ನೀರು. ಅದರಲ್ಲಿ ಒಂದಿಷ್ಟು ಸೋರಿ ಹೋದರೂ, ಅಂಗಳದಡಿಯ ತೊಟ್ಟಿಯಲ್ಲಿ ಹಿಡಿದಿಟ್ಟರೆ ಅಡುಗೆಗೂ ಕುಡಿಯಲೂ ಬೇಸಿಗೆ ದಾಟುತ್ತದೆ. ಪರ್ಮಾಕಲ್ಚರ್ ಪುಸ್ತಕಗಳು ಹೇಳುವ ಸಮಪಾತಳಿ ಇಂಗುಕಾಲುವೆಗಳೂ ಇಲ್ಲಿ ನೆರವಾಗುತ್ತವೆ. ಆದರೆ ಪುಸ್ತಕ ನೋಡಿ ಎಲ್ಲ ಕಡೆ ತೋಡಿದರೆ ಕೇಡು. ಜೇಡಿಮಣ್ಣಿನ ನೆಲದಲ್ಲಿ ಚಳಿಗಾಲದ ನೀರು ಆಲಿವ್ ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಬರವನ್ನು ತಾಳುವ ಈ ಮರ ಜೌಗನ್ನು ತಾಳುವುದಿಲ್ಲ. ಅದಕ್ಕೇ ಅನುಭವಿಗಳು ಕಾಲುವೆಯನ್ನು ಮರದಿಂದ ದೂರ ಇಟ್ಟು, ಅದರ ಏರಿಯ ಮೇಲೆ ಅಂಜೂರ, ದಾಳಿಂಬೆ, ಬಾದಾಮಿ ನೆಡುತ್ತಾರೆ.

ದೊಡ್ಡ ಪ್ರಮಾಣದ ಪ್ರಯೋಗವೆಂದರೆ ಪೋರ್ಚುಗಲ್‌ನ ಅಲೆಂತೇಜು ಪ್ರಾಂತದ ತಮೇರಾ ಎಂಬ ಸಮುದಾಯದ್ದು. 1995ರಲ್ಲಿ ನೆಲೆಯೂರಿದ ಈ ಸಮುದಾಯ, 2007ರಿಂದ ಆಸ್ಟ್ರಿಯಾದ ರೈತ ಸೆಪ್ ಹೋಲ್ಜರ್ ಅವರ ಮಾರ್ಗದರ್ಶನದಲ್ಲಿ ಒಣಗಿದ ಕಣಿವೆಗೆ ಮಣ್ಣಿನ ಒಡ್ಡುಗಳನ್ನು ಹಾಕಿ ಕೆರೆಗಳ ಸರಣಿಯನ್ನೇ ಕಟ್ಟಿತು. ಒಂದೆರಡು ಹೆಕ್ಟೇರಿನ ಒಡೆಯರಿಗೆ ಅಷ್ಟು ಯಂತ್ರ, ಅಷ್ಟು ಹಣ ಎಟುಕದು. ಅಲ್ಪುಹಾರದ ಪುಟ್ಟ ತೋಪುಗಳು ಇಂದಿಗೂ ನಂಬಿರುವುದು ಅರಬ್ಬರ ಆಳ್ವಿಕೆಯ ಕಾಲದ ಕಾಲುವೆಗಳನ್ನು. ಸಿಯೆರಾ ನೆವಾಡಾದ ಹಿಮ ಕರಗಿದ ನೀರನ್ನು ಎತ್ತರದಲ್ಲೇ ತಿರುಗಿಸಿ ನೆಲಕ್ಕೆ ಇಂಗಿಸಿದರೆ, ತಿಂಗಳುಗಳ ಬಳಿಕ ಕೆಳಗಿನ ಊಟೆಗಳಲ್ಲಿ ಅದು ಒಸರುತ್ತದೆ. ಕಾಲುವೆಯ ಹೂಳು ತೆಗೆಯುವುದು ಪಾಲುದಾರರೆಲ್ಲರ ಹೊಣೆ. ಊರಿನೊಂದಿಗೆ ಬೆರೆಯದೆ ಇಲ್ಲಿ ಬೇಸಾಯ ಸಾಗದು.

ಮಣ್ಣಿನ ವಿಷಯದಲ್ಲಿ ಹಳಬರಿಗೂ ಹೊಸಬರಿಗೂ ನಿಜವಾದ ಜಗಳವಿದೆ. ಮರದ ಕೆಳಗೆ ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಉತ್ತು ನುಣುಪಾಗಿಡುವುದು ಶ್ರದ್ಧಾವಂತ ರೈತನ ಲಕ್ಷಣ ಎಂಬುದು ಆಂಡಲೂಸಿಯಾದಿಂದ ಗ್ರೀಸ್‌ವರೆಗೆ ಹಳ್ಳಿಗಳ ನಂಬಿಕೆ. ಕಳೆ ನೀರು ಕುಡಿಯುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಇಳಿಜಾರಿನ ಬೆತ್ತಲೆ ಮಣ್ಣು ಚಳಿಗಾಲದ ಮಳೆಗೆ ಕೊಚ್ಚಿಹೋಗುತ್ತದೆ. ಸ್ಪೇನ್‌ನ ಆಲಿವ್ ನಾಡುಗಳಲ್ಲಿ ಮಣ್ಣಿನ ಸವಕಳಿ ದೊಡ್ಡ ಪಿಡುಗಾಗಿರುವುದು ಇದೇ ಕಾರಣಕ್ಕೆ. ಪರ್ಮಾಕಲ್ಚರ್ ತೋಪಿನವರು ಶರತ್ಕಾಲದಲ್ಲಿ ಫಾವ ಬೀನ್ಸ್, ವೆಚ್, ಕ್ಲೋವರ್‌ನಂಥ ದ್ವಿದಳ ಗಿಡಗಳನ್ನು ಬಾರ್ಲಿಯೊಂದಿಗೆ ಬಿತ್ತುತ್ತಾರೆ. ಚಳಿಗಾಲವಿಡೀ ಅವು ಮಣ್ಣನ್ನು ಹಿಡಿದಿಟ್ಟು ಸಾರಜನಕ ಕೂಡಿಸುತ್ತವೆ. ವಸಂತದಲ್ಲಿ, ಮರದೊಂದಿಗೆ ನೀರಿಗಾಗಿ ಪೈಪೋಟಿಗಿಳಿಯುವ ಮೊದಲು, ಅವನ್ನು ಕತ್ತರಿಸಿ ಅಲ್ಲೇ ಹೊದಿಕೆಯಾಗಿ ಹಾಸುತ್ತಾರೆ. ಕತ್ತರಿಸುವ ವಾರವನ್ನು ಸರಿಯಾಗಿ ಆರಿಸುವುದೇ ಇಲ್ಲಿನ ಕೌಶಲ. ತಡವಾದರೆ ಹಳಬರ ಮಾತೇ ನಿಜವಾಗುತ್ತದೆ. ಕೆಲವರು ಈ ಕೆಲಸವನ್ನು ಕುರಿಗಳಿಗೆ ಬಿಡುತ್ತಾರೆ. ಮೇಕೆ ಬಿಟ್ಟರೆ ಮರದ ತೊಗಟೆಯೇ ಉಳಿಯದು. ಎಲೆಚುಕ್ಕೆ ರೋಗಕ್ಕೆ ತಾಮ್ರದ ದ್ರಾವಣ ಸಿಂಪಡಿಸಿದ ತೋಪಿಗೆ ಕುರಿಯನ್ನೂ ಬಿಡುವಂತಿಲ್ಲ, ತಾಮ್ರ ಕುರಿಗಳಿಗೆ ವಿಷ.

ಉಳದ ಬೇಸಾಯದ ಮಾತು ಬಂದಾಗ ಜಪಾನಿನ ಮಸನೊಬು ಫುಕುವೋಕಾ ಅವರನ್ನು ನೆನೆಯಲೇಬೇಕು. 'ಒಂದು ಹುಲ್ಲಿನ ಕ್ರಾಂತಿ'ಯ ಮೂಲಕ ಕನ್ನಡ ಓದುಗರಿಗೆ ಪರಿಚಿತರಾದ ಅವರಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾವಯವ ರೈತ ಎಲ್. ನಾರಾಯಣ ರೆಡ್ಡಿ ಪ್ರೇರಣೆ ಪಡೆದಿದ್ದರು. ಅದೇ ಫುಕುವೋಕಾ ಗ್ರೀಸ್‌ಗೂ ಹಲವು ಸಲ ಹೋಗಿದ್ದರು. 1998ರಲ್ಲಿ ಉತ್ತರ ಗ್ರೀಸ್‌ನ ವೆಗೊರಿಟಿಡಾ ಸರೋವರದ ಸುತ್ತ ಸಾವಿರಾರು ಹೆಕ್ಟೇರ್ ಒಣಭೂಮಿಗೆ ಮಣ್ಣಿನ ಬೀಜದುಂಡೆಗಳನ್ನು ಚೆಲ್ಲುವ ಕಾರ್ಯ ಅವರ ವಿಧಾನದಲ್ಲಿ ನಡೆಯಿತು.

ಹಣ್ಣುನೊಣದ ಕಾಟ ಎಲ್ಲ ಕಡೆಯೂ ಇದೆ. ಕಾಯಿಯೊಳಗೆ ಮೊಟ್ಟೆಯಿಡುವ ಈ ನೊಣಕ್ಕೆ ಸ್ಪೇನ್‌ನ ಲೋಸ್ ಪೆದ್ರೋಚೆಸ್ ಕಣಿವೆಯ ಸಹಕಾರ ಸಂಘದವರು ರೂಪಿಸಿದ ಬಲೆ ತುಂಬ ಸರಳ. ಬಳಸಿದ ಪ್ಲಾಸ್ಟಿಕ್ ಬಾಟಲಿಗೆ ಸಣ್ಣ ತೂತುಗಳನ್ನು ಕೊರೆದು, ಒಳಗೆ ಅಮೋನಿಯಂ ಫಾಸ್ಫೇಟ್ ಬೆರೆಸಿದ ನೀರು ತುಂಬಿ, ಕೊಂಬೆಗೆ ತೂಗುಬಿಡುತ್ತಾರೆ. ಬಿಳಿಯ ಕಯೋಲಿನ್ ಜೇಡಿಯನ್ನು ಕಾಯಿಗಳ ಮೇಲೆ ಸಿಂಪಡಿಸುವುದು, ಕೊಯ್ಲನ್ನು ಒಂದೆರಡು ವಾರ ಮುಂಚಿತವಾಗಿ ಮುಗಿಸುವುದು ಬೇರೆ ಉಪಾಯಗಳು.

ಕೊಯ್ಲಿನ ಕಾಲದಲ್ಲಿ ಸರಳ ಬದುಕು ಎಂಬ ಮಾತು ಮೈಮುರಿಯುವ ದುಡಿಮೆಯಾಗುತ್ತದೆ. ಮರದಡಿ ಬಲೆ ಹಾಸಿ, ಉದ್ದ ಕೋಲಿನಿಂದ ಬಡಿದೋ, ಹಲ್ಲುಗಳಿರುವ ಸಣ್ಣ ಕುಂಟೆಯಿಂದ ಬಾಚಿಯೋ ಕಾಯಿ ಉದುರಿಸುತ್ತಾರೆ. ಈಗ ಬ್ಯಾಟರಿಯಿಂದ ಅಲುಗಾಡುವ ಬಾಚಣಿಗೆಗಳು ಬಂದಿವೆ. ಕೊಯ್ದ ಕಾಯಿ ರಾಶಿಯಲ್ಲಿ ಬಿಸಿಯೇರಿ ಹುದುಗಿದರೆ ಎಣ್ಣೆಯ ಆಮ್ಲೀಯತೆ ಏರುತ್ತದೆ. ಅದಕ್ಕಾಗಿ ಆದಷ್ಟು ಒಂದು ದಿನದೊಳಗೆ ಗಾಣಕ್ಕೆ ಒಯ್ಯಬೇಕು. ಅರೆದ ಮುದ್ದೆಯ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ ಮಾತ್ರ ಅದು ತಣ್ಣನೆಯ ವಿಧಾನದ ಎಣ್ಣೆ. ಆಮ್ಲೀಯತೆ ಶೇ. 0.8 ಮೀರದೆ, ರುಚಿ ಪರೀಕ್ಷೆಯಲ್ಲೂ ದೋಷವಿಲ್ಲದೆ ಗೆದ್ದರೆ ಎಕ್ಸ್‌ಟ್ರಾ ವರ್ಜಿನ್ ಎಂಬ ದರ್ಜೆ. ಊರಿನ ಗಾಣಗಳು ಹಲವೆಡೆ ಕೂಲಿಯಾಗಿ ಎಣ್ಣೆಯಲ್ಲೇ ಒಂದು ಪಾಲು ಇಟ್ಟುಕೊಳ್ಳುತ್ತವೆ. ಉಳಿದ ಹಿಂಡಿಯನ್ನು ತಂದು ಹುಲ್ಲು, ಕೊಟ್ಟಿಗೆ ಗೊಬ್ಬರದೊಂದಿಗೆ ಕೊಳೆಸಿ ತೋಪಿಗೇ ಹಾಕಬಹುದು. ಗಾಣದ ಕಪ್ಪು ನೀರನ್ನು ಹಾಗೇ ಸುರಿದರೆ ಗಿಡಗಳು ಸುಟ್ಟುಹೋಗುತ್ತವೆ.

ಮನೆ ಬಳಕೆಗೆ ಒಂದಿಷ್ಟು ಕಾಯಿ ತೆಗೆದಿಡುತ್ತಾರೆ. ಮರದಿಂದ ಕಿತ್ತ ಆಲಿವ್ ಬಾಯಿಗಿಡಲಾಗದಷ್ಟು ಕಹಿ. ನಮ್ಮಲ್ಲಿ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು ಕಾಯುವ ಹಾಗೆಯೇ ಅಲ್ಲಿಯೂ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ ಕಹಿ ಬಿಡಿಸುತ್ತಾರೆ. ಹಳೆಯ ಎಣ್ಣೆ ಸಾಬೂನಾಗುತ್ತದೆ. ಎಣ್ಣೆ, ನೀರು, ಕ್ಷಾರ ಇಷ್ಟರಿಂದಲೇ ಆಗುವ ನಬ್ಲುಸ್ ಸಾಬೂನಿನ ಪರಂಪರೆಯನ್ನು ಯುನೆಸ್ಕೊ 2024ರಲ್ಲಿ ಗುರುತಿಸಿತು. ಚಳಿಗಾಲದ ಮಳೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಬಟಾಣಿ, ಕೋಸು ತಾವಾಗಿ ಬೆಳೆಯುತ್ತವೆ. ಟೊಮೆಟೊ, ಬದನೆಗೆ ಬೇಸಿಗೆಯಲ್ಲಿ ನೀರು ಹಾಯಿಸಬೇಕು. ಆದ್ದರಿಂದ ಅವು ತೊಟ್ಟಿಯ ಪಕ್ಕದ ಸಣ್ಣ ಮಡಿಗಳಿಗೆ ಸೀಮಿತ. ಪಾತ್ರೆ ತೊಳೆದ ನೀರು ಜೊಂಡಿನ ಹೊಂಡದಲ್ಲಿ ಸೋಸಿ ಹಣ್ಣಿನ ಗಿಡಕ್ಕೆ ಹೋಗುತ್ತದೆ. ನೀರು ಬೇಡದ ಗೊಬ್ಬರದ ಶೌಚಾಲಯ, ಚಾವಣಿಯ ಸೌರಫಲಕ, ಸವರಿದ ಆಲಿವ್ ಕೊಂಬೆಯ ಸೌದೆ ಇಂಥ ಮನೆಗಳಲ್ಲಿ ಸಾಮಾನ್ಯ.

ಎಣ್ಣೆಯೊಂದರಿಂದಲೇ ಸಂಸಾರ ಸಾಗುತ್ತದೆಯೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಹತ್ತು ಮೀಟರ್ ಅಂತರದ ಹಳೆಯ ಕ್ರಮದಲ್ಲಿ ಹೆಕ್ಟೇರಿಗೆ 100 ಮರ. ಮರಕ್ಕೆ 20 ಕೆ.ಜಿ. ಕಾಯಿ, ಅದರಲ್ಲಿ ಶೇ. 18ರಷ್ಟು ಎಣ್ಣೆ ಎಂದು ಹಿಡಿದರೆ 360 ಕೆ.ಜಿ., ಅಂದರೆ ಸುಮಾರು 390 ಲೀಟರ್. ನಾಲ್ವರ ಕುಟುಂಬ ಧಾರಾಳವಾಗಿ ಬಳಸಿದರೂ ಸುಮಾರು 300 ಲೀಟರ್ ಮಾರಾಟಕ್ಕೆ ಉಳಿಯುತ್ತದೆ. ಎರಡು ವರ್ಷಗಳ ಬರದಿಂದ ಸ್ಪೇನ್‌ನ ಫಸಲು ಕುಸಿದು, 2024ರ ಆರಂಭದಲ್ಲಿ ಸಗಟು ಬೆಲೆ ಕೆ.ಜಿ.ಗೆ 9 ಯೂರೊ ಸನಿಹಕ್ಕೆ ಏರಿತ್ತು. ಆ ಅಪರೂಪದ ಬೆಲೆಯಲ್ಲೂ ಈ ಎಣ್ಣೆಗೆ ಸಿಗುವುದು 2,500 ಯೂರೊ ಆಸುಪಾಸು. ಅದೇ ವರ್ಷ ಸ್ಪೇನ್‌ನ ಕನಿಷ್ಠ ಮಾಸಿಕ ವೇತನ 1,134 ಯೂರೊ ಇತ್ತು. ಹೀಗಾಗಿ ಬಹುತೇಕ ಸಣ್ಣ ತೋಪಿನವರು ಜೇನು, ಮೊಟ್ಟೆ, ಅತಿಥಿ ಕೊಠಡಿ, ತರಬೇತಿ ಶಿಬಿರ, ಊರಿನ ಕೂಲಿ ಅಥವಾ ದೂರದ ಕಚೇರಿ ಕೆಲಸಗಳಲ್ಲಿ ಒಂದೆರಡನ್ನು ಜೊತೆಗಿಟ್ಟುಕೊಂಡಿರುತ್ತಾರೆ. ಇದನ್ನು ಮುಚ್ಚಿಟ್ಟು ತೋಪಿನ ಬದುಕನ್ನು ಬಣ್ಣಿಸುವುದು ಹೊಸಬರಿಗೆ ಮಾಡುವ ಅನ್ಯಾಯ.

ಸ್ಪೇನ್‌ನ ತೆರುಯೆಲ್ ಪ್ರಾಂತದ ಒಲಿಯೆತೆ ಗ್ರಾಮ ಬೇರೆ ದಾರಿ ಹುಡುಕಿತು. ಜನ ಊರು ಬಿಟ್ಟು ಹೋಗಿ ಅಲ್ಲಿ ಸುಮಾರು 1,00,000 ಆಲಿವ್ ಮರಗಳು ಪಾಳುಬಿದ್ದಿದ್ದವು. 2014ರಲ್ಲಿ ಆರಂಭವಾದ ಯೋಜನೆಯಲ್ಲಿ ಪಟ್ಟಣದವರು ವರ್ಷಕ್ಕಿಷ್ಟು ಹಣ ಕೊಟ್ಟು ಒಂದು ಮರವನ್ನು ದತ್ತು ಪಡೆಯುತ್ತಾರೆ, ಪ್ರತಿಯಾಗಿ ಅವರಿಗೆ ಎರಡು ಲೀಟರ್ ಎಣ್ಣೆ ಸಿಗುತ್ತದೆ. ಮರಗಳ ಆರೈಕೆ ಊರಿನವರಿಗೆ ಉದ್ಯೋಗವಾಯಿತು.

ಪಾಳುಬಿದ್ದ ಹಳ್ಳಿಗಳ ಹಿಂದಿನ ಕಥೆ ಇಲ್ಲಿ ಮುಖ್ಯ. ಎರಡನೇ ಮಹಾಯುದ್ಧದ ಬಳಿಕ ಪೋರ್ಚುಗಲ್, ದಕ್ಷಿಣ ಇಟಲಿ, ಗ್ರೀಸ್‌ಗಳ ಹಳ್ಳಿಗರು ಜರ್ಮನಿ, ಫ್ರಾನ್ಸ್‌ಗಳ ಕಾರ್ಖಾನೆಗಳಿಗೆ ಗುಳೆ ಹೋದರು. ಅವರು ಬಿಟ್ಟುಹೋದ ಕಲ್ಲುಮನೆಗಳನ್ನು ಅಗ್ಗದಲ್ಲಿ ಕೊಂಡು ಬಂದವರಲ್ಲಿ ಉತ್ತರ ಯೂರೋಪಿನವರೇ ಬಹಳ. ಬಂದವರಿಗೆ ಕಡಿಮೆಯಲ್ಲಿ ಬದುಕುವುದು ಆಯ್ಕೆ, ಹೋದವರಿಗೆ ಅದು ಬಡತನವಾಗಿತ್ತು. ಪಶ್ಚಿಮ ದಂಡೆಯ ಮರ್ದಾ ಗ್ರಾಮದಲ್ಲಿ 1990ರ ದಶಕದಿಂದ ಪರ್ಮಾಕಲ್ಚರ್ ಬೇರೂರಿರುವುದಕ್ಕೆ ಕಾರಣ ಇನ್ನೂ ಬೇರೆ. ನೆಲವೂ ನೀರೂ ಕೈತಪ್ಪುತ್ತಿರುವ ಕಡೆ, ಉಳಿದ ತುಂಡಿನಲ್ಲಿ ಆದಷ್ಟು ಆಹಾರ ಬೆಳೆದುಕೊಳ್ಳುವುದು ಅಲ್ಲಿನವರಿಗೆ ಊರಲ್ಲಿ ಉಳಿಯುವ ದಾರಿ.

ಬಿಟ್ಟುಹೋದ ಜಮೀನುಗಳು ಬೆಂಕಿಗೂ ತುತ್ತಾದವು. ಪೋರ್ಚುಗಲ್‌ನಲ್ಲಿ ಕುರುಚಲು, ಪೈನ್ ಮತ್ತು ನೀಲಗಿರಿ ಮರಗಳು ತುಂಬಿಕೊಂಡ ಗುಡ್ಡಗಳು 2017ರ ಜೂನ್ ಮತ್ತು ಅಕ್ಟೋಬರ್‌ನಲ್ಲಿ ಹೊತ್ತಿ ಉರಿದು ನೂರಕ್ಕೂ ಹೆಚ್ಚು ಜನ ಸತ್ತರು. ಅರ್ಗನಿಲ್, ತಾಬುವ ಸುತ್ತಲಿನ ಹೊಸ ನೆಲೆಗಾರರ ತೋಪುಗಳೂ ಅದರಲ್ಲಿ ಸುಟ್ಟವು. ಮನೆಯ ಸುತ್ತ 50 ಮೀಟರ್ ಒಣಹುಲ್ಲು, ಪೊದೆ ತೆರವುಗೊಳಿಸಬೇಕೆಂಬ ಕಾನೂನು ಮೊದಲೇ ಇತ್ತು, ಆ ದುರಂತದ ನಂತರ ಅದರ ಜಾರಿ ಬಿಗಿಯಾಯಿತು. ದಪ್ಪ ಹುಲ್ಲು ಹೊದಿಕೆಯನ್ನು ಪ್ರೀತಿಸುವ ಪರ್ಮಾಕಲ್ಚರ್ ರೈತರು ಮನೆಯ ಹತ್ತಿರ ಅದನ್ನು ಕೈಬಿಟ್ಟು, ಮೇಯಿಸಿದ ಹುಲ್ಲುಗಾವಲು ಮತ್ತು ನೀರಿನ ಹೊಂಡಗಳನ್ನು ಅಡ್ಡ ಇಡಬೇಕಾಯಿತು.

ಇದೇ ಅವಧಿಯಲ್ಲಿ ಉದ್ಯಮದ ಆಲಿವ್ ಕೃಷಿ ಎದುರು ದಿಕ್ಕಿಗೆ ಓಡಿದೆ. ಅಲೆಂತೇಜುವಿನ ಅಲ್ಕೇವಾ ಜಲಾಶಯದ ಆಸರೆಯಲ್ಲಿ ಹೆಕ್ಟೇರಿಗೆ 1,500ಕ್ಕೂ ಹೆಚ್ಚು ಗಿಡಗಳನ್ನು ಬೇಲಿಯಂತೆ ಒತ್ತಾಗಿ ನೆಟ್ಟು, ಸಾಲಿನ ಮೇಲೆ ಸಾಗುವ ಯಂತ್ರಗಳಿಂದ ಕೊಯ್ಯುತ್ತಾರೆ. ರಾತ್ರಿ ಕೊಯ್ಲಿನಲ್ಲಿ ಗಿಡಗಳಲ್ಲಿ ಮಲಗಿದ ವಲಸೆ ಹಕ್ಕಿಗಳು ಯಂತ್ರಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ ಆಂಡಲೂಸಿಯಾ 2019ರಲ್ಲಿ ಅದನ್ನು ನಿಲ್ಲಿಸಿತು.

ಸಣ್ಣ ತೋಪುಗಳ ಮುಂದಿರುವ ಅತಿ ಕಠಿಣ ಸವಾಲು ಮಾತ್ರ ಪುಲಿಯಾದಿಂದ ಬಂದಿದೆ. 2013ರಲ್ಲಿ ಗಲ್ಲಿಪೊಲಿ ಪಟ್ಟಣದ ಬಳಿ ಮರಗಳು ಒಣಗುತ್ತಿರುವುದಕ್ಕೆ ಕ್ಸೈಲೆಲ್ಲ ಫಾಸ್ಟಿಡಿಯೋಸ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಪತ್ತೆಯಾಯಿತು. ಮಧ್ಯ ಅಮೆರಿಕದಿಂದ ಅಲಂಕಾರಕ್ಕೆ ತಂದ ಕಾಫಿ ಗಿಡದೊಂದಿಗೆ ಇದು ಬಂದಿರಬೇಕೆಂದು ವಂಶವಾಹಿ ಅಧ್ಯಯನಗಳು ಸೂಚಿಸುತ್ತವೆ. ಮರದ ನೀರ್ನಾಳಗಳನ್ನು ಕಟ್ಟಿಹಾಕುವ ಈ ರೋಗಕ್ಕೆ ಮದ್ದಿಲ್ಲ. ಸಲೆಂತೊ ಪ್ರದೇಶದಲ್ಲಿ ಶತಮಾನಗಳಷ್ಟು ಹಳೆಯವೂ ಸೇರಿ ಲಕ್ಷಾಂತರ ಮರಗಳು ಸತ್ತವು. ರೋಗ ಹರಡುವುದು ಒಂದು ನೊರೆಹುಳು, ಅದರ ಮರಿಗಳು ಬೆಳೆಯುವುದು ಮರದಡಿಯ ಹುಲ್ಲಿನಲ್ಲಿ. ಅದಕ್ಕೇ ಅಲ್ಲಿನ ಸರ್ಕಾರ ವಸಂತದಲ್ಲಿ ಹುಲ್ಲನ್ನು ಕಡ್ಡಾಯವಾಗಿ ಉತ್ತು ಅಥವಾ ಕತ್ತರಿಸಿ ನಾಶಮಾಡಲು ಆಜ್ಞೆ ಹೊರಡಿಸಿದೆ. ಮಣ್ಣನ್ನು ಹೊದಿಸಿಡು ಎಂಬ ತತ್ವಕ್ಕೂ ಮರವನ್ನು ಉಳಿಸಿಕೋ ಎಂಬ ಅಗತ್ಯಕ್ಕೂ ಇಲ್ಲಿ ನೇರ ಘರ್ಷಣೆ. ಪುಸ್ತಕದ ತತ್ವವನ್ನು ಬದಿಗಿಟ್ಟು ಹುಳುವಿನ ಜೀವನಚಕ್ರ ನೋಡಿ ಹುಲ್ಲು ಕತ್ತರಿಸುವ ರೈತರೇ ಇಲ್ಲಿ ಸರಿ. ರೋಗವನ್ನು ತಾಳಿಕೊಳ್ಳುವ ಲೆಚ್ಚಿನೊ ಮತ್ತು ಫಾವೊಲೋಸ ತಳಿಗಳನ್ನು ಈಗ ಸಲೆಂತೊದಲ್ಲಿ ನೆಡುತ್ತಿದ್ದಾರೆ. ಹಳೆಯ ಕಾಂಡಗಳಿಗೆ ಅವುಗಳ ಕಸಿ ಕಟ್ಟಿ ಮರ ಉಳಿಸಿಕೊಳ್ಳಲು ಯತ್ನಿಸುತ್ತಿರುವವರಿದ್ದಾರೆ. ಸತ್ತ ತೋಪುಗಳ ಅಂಚಿನಲ್ಲಿ ಬೀಜದಿಂದ ತಾನಾಗಿ ಹುಟ್ಟಿ, ರೋಗದ ನಡುವೆಯೂ ಹಸಿರಾಗಿ ನಿಂತ ಕಾಡು ಆಲಿವ್ ಸಸಿಗಳನ್ನು ಸಂಶೋಧಕರು ಗುರುತಿಸಿ ಪರೀಕ್ಷೆಗೆ ಒಡ್ಡುತ್ತಿದ್ದಾರೆ.